ನೂರಕ್ಕೆ ನೂರು ಬಂದರೆ ಪಾಸಾದ ಹಾಗಲ್ಲ

ರಕ್ತದ ಕ್ಯಾನ್ಸರಿಗೆ ದಾನಿಯ ಮಜ್ಜೆ ಹಾಕಿಸಿಕೊಂಡ ರೋಗಿಯ ರಿಪೋರ್ಟ್ ನಾನು ತೆರೆಯುವ ಮೊದಲೇ ಪೇಡದ ಡಬ್ಬಿ ಮೇಜಿನ ಮೇಲೆ ಕೂತಿರುತ್ತದೆ. ಲ್ಯಾಬಿನವರು ಹಿಂದಿನ ರಾತ್ರಿಯೇ ಮನೆಯವರಿಗೆ ವಾಟ್ಸಾಪ್ ಮಾಡಿರುತ್ತಾರೆ. ಮನೆಯವರು ಹೇಳುವುದು: "ನೂರಕ್ಕೆ ನೂರು ಡೋನರ್ ಸಾರ್, ಕ್ಯಾನ್ಸರ್ ಪೂರ್ತಿ ಹೋಯ್ತು!" ಪೇಡ ತಿನ್ನುತ್ತೇನೆ. ಆಮೇಲೆ ಅವರಿಗೆ ಇಷ್ಟವಾಗದ ಮಾತು ಶುರು ಮಾಡಬೇಕು.

ಅದು ಕೈಮೆರಿಸಂ ರಿಪೋರ್ಟ್. ರಕ್ತದ ಕಣಗಳು ಯಾರವು, ರೋಗಿಯದೋ ದಾನಿಯದೋ, ಅಷ್ಟೇ ಅದು ಹೇಳುವುದು. ಆ ಕಣಗಳು ಏನು ಕೆಲಸ ಮಾಡುತ್ತಿವೆ ಅಂತ ಹೇಳುವುದಿಲ್ಲ. ಹಾಸನದ ಕಡೆಯ ಒಬ್ಬ ರೈತರಿಗೆ ಹೀಗೆ ವಿವರಿಸಿದೆ: "ಇದು ಪಹಣಿ ಇದ್ದ ಹಾಗೆ ಯಜಮಾನ್ರೆ. ಜಮೀನು ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತೆ." ಅವರು ಬಿಡಲಿಲ್ಲ. "ಪಹಣೀಲಿ ಬೆಳೆನೂ ಬರೀತಾರಲ್ಲ ಸಾರ್?" "ಗದ್ದೆಗೆ ಬಂದು ನೋಡಿ ಬರೀತಾರಾ?" ಅಂದೆ. ನಕ್ಕುಬಿಟ್ಟರು.

ಇನ್ನೊಂದು ವಿಷಯ. ಸಾಮಾನ್ಯವಾಗಿ ಮಾಡುವ ಕೈಮೆರಿಸಂ ಪರೀಕ್ಷೆಗೆ ನೂರರಲ್ಲಿ ಒಂದಕ್ಕಿಂತ ಕಡಿಮೆ ಇರುವ ರೋಗಿಯ ಹಳೆಯ ಕಣ ಕಾಣುವುದೇ ಕಷ್ಟ. ಸಾವಿರಕ್ಕೆ ಒಂದು ಉಳಿದಿದ್ದರೂ ರಿಪೋರ್ಟಿನಲ್ಲಿ ನೂರೇ ಬರಬಹುದು. ಆದರೆ ಮಜ್ಜೆಯಲ್ಲಿ ಸಾವಿರಕ್ಕೆ ಒಂದು ಅಂದರೆ ಕೋಟಿಗಟ್ಟಲೆ. ಅದಕ್ಕೇ ಎಂ.ಆರ್.ಡಿ. ಪರೀಕ್ಷೆ, ಅಂದರೆ ಅಳಿದುಳಿದ ಕ್ಯಾನ್ಸರ್ ಕಣ ಹುಡುಕುವ ಪರೀಕ್ಷೆ, ಬೇರೆ ಮಾಡಿಸುವುದು. ಅದು ಹತ್ತು ಸಾವಿರದಲ್ಲಿ ಒಂದನ್ನೂ ಹುಡುಕಬಲ್ಲದು.

"ಹಾಗಾದ್ರೆ ಕ್ಯಾನ್ಸರ್ ಜೊತೆ ಹೊಡೆದಾಡೋ ಕಣಗಳನ್ನೇ ಎಣಿಸಿ ಸಾರ್" ಅನ್ನುತ್ತಾರೆ. ನ್ಯಾಯವಾದ ಮಾತೇ. ಹೊಡೆದಾಡುವುದು ಮುಖ್ಯವಾಗಿ ದಾನಿಯ ಟಿ ಕಣಗಳು, ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಆದರೆ ಅವುಗಳಲ್ಲಿ ಲ್ಯುಕೇಮಿಯಾದ, ಅಂದರೆ ರಕ್ತದ ಕ್ಯಾನ್ಸರಿನ, ಗುರುತು ಹಿಡಿಯುವವು ಸಣ್ಣ ಪಾಲು. ಉಳಿದವಕ್ಕೆ ಬೇರೆ ಕೆಲಸ. ಸಿ.ಎಂ.ವಿ. ವೈರಸ್ ತಲೆಯೆತ್ತಿದರೆ ಟಿ ಕಣಗಳ ಸಂಖ್ಯೆ ಜೋರಾಗಿ ಏರುತ್ತದೆ. ಮನೆಯವರು ಖುಷಿಪಡುತ್ತಾರೆ, ಜಗಳ ನಡೆಯುತ್ತಿರುವುದು ಮಾತ್ರ ಬೇರೆಯವರ ಜೊತೆ! 2003ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ವೈದ್ಯರು ದಾನಿಯ ಟಿ ಕಣ ಕೊಟ್ಟ ಮೇಲೆ, ರೋಗಿಯ ರಕ್ತಕಣಗಳ ಮೇಲಿನ ಎಚ್‌ಎ-1, ಎಚ್‌ಎ-2 ಅನ್ನುವ ಗುರುತುಗಳನ್ನು ಹಿಡಿಯುವ ಕಣಗಳು ರಕ್ತದಲ್ಲಿ ಹೆಚ್ಚಿ, ಅದೇ ಹೊತ್ತಿಗೆ ಕಾಯಿಲೆ ಇಳಿದದ್ದನ್ನು ತೋರಿಸಿದರು. ಆದರೆ ಹಾಗೆ ಎಣಿಸಬೇಕಾದರೆ ರೋಗಿಯ ಎಚ್.ಎಲ್.ಎ. ಗುಂಪು (ರಕ್ತದ ಗುಂಪಿನ ಹಾಗೆ ಕಣಗಳ ಗುಂಪು) ಹೊಂದಬೇಕು, ಆ ಗುರುತು ರೋಗಿಯಲ್ಲಿದ್ದು ದಾನಿಯಲ್ಲಿ ಇರಬಾರದು. ಬೀದಿ ಲ್ಯಾಬಿನಲ್ಲಿ ಸಿಗುವ ಟೆಸ್ಟ್ ಅಲ್ಲ.

ನೂರು ಬಂದರೆ ಪೇಡ, 94 ಬಂದರೆ ಕಣ್ಣೀರು. ಅಕ್ಕನಿಗೆ ಮಜ್ಜೆ ಕೊಟ್ಟ ಹುಡುಗನೊಬ್ಬ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದ್ದ: "ಸಾರ್, ಕಮ್ಮಿಯಾಯ್ತಂತೆ. ನನ್ನ ರಕ್ತಾನೇ ಸರಿಯಿಲ್ವಾ?" ಪಾಪ, ಅವನ ತಪ್ಪೇನೂ ಇರಲಿಲ್ಲ. ಒಂದು ರಿಪೋರ್ಟ್ ನೋಡಿ ನಾವು ಓಡುವುದಿಲ್ಲ. ಎರಡು ಮೂರು ಸಲ ಇಳಿಯುತ್ತಾ ಬಂದರೆ ಯೋಚನೆ. ಅವಳದು ಇಳಿಯುತ್ತಲೇ ಇತ್ತು. ದಾನಿಯ ಕಣಗಳನ್ನು ಹತ್ತಿಕ್ಕಿಡುವ ಸೈಕ್ಲೋಸ್ಪೊರಿನ್ ಮಾತ್ರೆಯನ್ನು ನಿಧಾನವಾಗಿ ಇಳಿಸಿದೆವು (ನೀವೇ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು). ಆಮೇಲೆ ತಮ್ಮನ ಟಿ ಕಣಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟೆವು.

ಕೆಲವು ವಾರ ಏನೂ ಆಗಲಿಲ್ಲ. ಒಂದು ದಿನ ಅವಳ ಅಂಗೈ, ಕಿವಿಯ ಹಿಂದೆ ಕೆಂಪಾಯಿತು. ದಾನಿಯ ಕಣಗಳು ಚರ್ಮದ ಮೇಲೂ ತಿರುಗಿಬಿದ್ದಿದ್ದವು. ಮನೆಯವರಿಗೆ ಗಾಬರಿ. ನನಗೂ ಗಾಬರಿಯೇ, ಜೊತೆಗೆ ಸ್ವಲ್ಪ ಸಮಾಧಾನ: ಅಂತೂ ಕಣಗಳು ಎದ್ದಿವೆ. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ. ಮುಲಾಮು ಬರೆದೆ, ಮುಂದಿನ ತಿಂಗಳ ಎಂ.ಆರ್.ಡಿ.ಗೆ ತಾರೀಕು ಹಾಕಿದೆ.