ಕಥೆಗೆ ಬಿದ್ದ ಅಂಕ, ಹಾಡಿಗಲ್ಲ

ಸೈಕೆಡೆಲಿಕ್ ರಾಕ್, ಅಂದರೆ ಕನಸಿನಂಥ ಅಮಲಿನ ಸದ್ದಿನ ರಾಕ್, ನುಡಿಸುವ ಬ್ಯಾಂಡೊಂದು ಕಥೆ ಕಟ್ಟಿಕೊಂಡು ಹೊಸ ಆಲ್ಬಮ್ ತಂದರೆ, ಮೊದಲ ವಾರದ ವಿಮರ್ಶೆಗಳು ಹೇಗಿರುತ್ತವೆ ಅಂತ ಓದುವ ಮೊದಲೇ ಹೇಳಿಬಿಡಬಹುದು. ಒಂದು ಪ್ಯಾರಾ ಬ್ಯಾಂಡಿನ ಪೂರ್ವಾಪರ, ಮೂರು ಪ್ಯಾರಾ ಕಥೆ, ಕೊನೆಗೆ ದೊಡ್ಡ ಸಾಹಸ ಅಂತಲೋ ಅತಿಯಾಯ್ತು ಅಂತಲೋ ಒಂದು ತೀರ್ಪು. ಗಿಟಾರು ಹೇಗೆ ಕೇಳಿಸಿತು, ಡ್ರಮ್ಸ್ ಎಲ್ಲಿ ಓಟ ಕಿತ್ತಿತು, ಇದೆಲ್ಲ ಒಂದೆರಡು ಸಾಲಿನಲ್ಲಿ ಮುಗಿದಿರುತ್ತದೆ.

ಬರೆಯುವವರು ಸೋಮಾರಿಗಳು ಅಂತ ಹೇಳುತ್ತಿಲ್ಲ. ನಾನೂ ಇದೇ ಕೆಲಸ ಮಾಡುವವನು. ಆಲ್ಬಮ್ ಜೊತೆಗೆ ಪ್ರೆಸ್ ನೋಟ್ ಬರುತ್ತದೆ, ಕಥೆ ಅದರಲ್ಲಿ ಅಚ್ಚುಕಟ್ಟಾಗಿ ಇರುತ್ತದೆ. ಬಿಡುಗಡೆಯ ದಿನವೇ ವಿಮರ್ಶೆ ಹೊರಬರಬೇಕು. ಈ ಬಗೆಯ ಸಂಗೀತವೋ, ಎರಡು ಮೂರು ಸಲ ಕೇಳಿದ ಮಾತ್ರಕ್ಕೆ ಕೈಗೆ ಸಿಗುವುದಿಲ್ಲ. ಸದ್ದನ್ನು ಮಾತಲ್ಲಿ ಹಿಡಿಯೋದು ಕಷ್ಟ, ಕಥೆ ಹೇಳೋದು ಸುಲಭ. ಗಡಿಬಿಡಿಯಲ್ಲಿ ಕೈ ಯಾವ ಕಡೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಮೆಲ್ಬರ್ನ್‌ನ ಕಿಂಗ್ ಗಿಜರ್ಡ್ ಅಂಡ್ ದ ಲಿಜರ್ಡ್ ವಿಜರ್ಡ್ ಬ್ಯಾಂಡಿನ ಎರಡು ಆಲ್ಬಮ್‌ಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. 2016ರಲ್ಲಿ ಬಂದದ್ದು 'ನೊನಗಾನ್ ಇನ್ಫಿನಿಟಿ'. ಒಂಬತ್ತು ಹಾಡು, ಒಂದರ ಬಾಲ ಇನ್ನೊಂದರ ತಲೆಗೆ ಸೇರಿಕೊಂಡಿದೆ. ಕೊನೆಯ ಹಾಡು ಮುಗಿಯುವ ಜಾಗದಲ್ಲಿ ಮೊದಲನೆಯದು ಶುರುವಾಗುತ್ತದೆ, ರಿಪೀಟ್ ಹಾಕಿದರೆ ನಿಲ್ಲುವುದೇ ಇಲ್ಲ. ಕಾನ್ಸೆಪ್ಟ್, ಅಂದರೆ ಇಡೀ ಆಲ್ಬಮ್ಮನ್ನು ಹಿಡಿದಿಡುವ ಒಂದು ಐಡಿಯಾ ಇದೆ, ಹೇಳಿಕೊಳ್ಳುವಂಥ ಕಥೆ ಇಲ್ಲ. ಹಾಗಾಗಿ ವಿಮರ್ಶಕರು ವಿಧಿಯಿಲ್ಲದೆ ಸಂಗೀತದ ಬಗ್ಗೆಯೇ ಬರೆದರು. ಮೆಚ್ಚುಗೆಯೂ ಧಾರಾಳವಾಗಿ ಬಂತು.

ಮರುವರ್ಷ ಅದೇ ಬ್ಯಾಂಡು 'ಮರ್ಡರ್ ಆಫ್ ದ ಯೂನಿವರ್ಸ್' ತಂದಿತು. 2017ರಲ್ಲಿ ಅವರು ಹೊರತಂದ ಐದು ಆಲ್ಬಮ್‌ಗಳಲ್ಲಿ ಅದೂ ಒಂದು. 21 ಟ್ರ್ಯಾಕು, ಮೂರು ಕಥೆ. ಮೊದಲೆರಡನ್ನು ಲಿಯಾ ಸೀನಿಯರ್ ಎಂಬ ಗಾಯಕಿ ಓದಿ ಹೇಳುತ್ತಾರೆ. ಮೂರನೆಯದಕ್ಕೆ ಕಂಪ್ಯೂಟರ್ ದನಿ. ಅದರ ನಾಯಕ ಹಾನ್-ಟ್ಯೂಮಿ ಎಂಬ ಸೈಬಾರ್ಗ್, ಅಂದರೆ ಮನುಷ್ಯನೂ ಯಂತ್ರವೂ ಬೆರೆತ ಜೀವಿ. ಅವನಿಗೆ ಇರುವ ಆಸೆ ಎರಡೇ: ಸಾಯಬೇಕು, ವಾಂತಿ ಮಾಡಬೇಕು. ಎರಡೂ ಯಂತ್ರಕ್ಕೆ ಆಗದ ಕೆಲಸ. ಕೊನೆಗೆ ಅವನು ವಾಂತಿ ಮಾಡುವ ಇನ್ನೊಂದು ಯಂತ್ರ ಕಟ್ಟುತ್ತಾನೆ, ಇಡೀ ವಿಶ್ವ ಆ ವಾಂತಿಯಲ್ಲಿ ಮುಳುಗುತ್ತದೆ.

ಇಂಥ ಕಥೆ ಸಿಕ್ಕರೆ ಯಾವ ವಿಮರ್ಶಕ ಬಿಡುತ್ತಾನೆ ಹೇಳಿ. ಕೆಲವರು ಹುಚ್ಚಾಟವನ್ನು ಮೆಚ್ಚಿಕೊಂಡರು, ಕೆಲವರಿಗೆ ಮಾತು ಜಾಸ್ತಿ ಅನ್ನಿಸಿತು. ನಿರೂಪಣೆಯ ಬಗ್ಗೆ ಆ ದೂರು ಸರಿಯೇ. ಹಾಡನ್ನು ಐವತ್ತು ಸಲ ಕೇಳಬಹುದು, ಹೇಳಿದ ಮಾತನ್ನೇ ಐದನೇ ಸಲ ಕೇಳುವಾಗ ಬೇಸರ ಬರುತ್ತದೆ. ಆದರೆ ಮೊದಲ ಕಥೆಯ ಕಟ್ಟಡ ನೋಡಿ. ಅರ್ಧ ಮನುಷ್ಯ ಅರ್ಧ ಮೃಗವಾದ ಜೀವಿಯೊಂದು ಒಬ್ಬ ಮನುಷ್ಯನಿಗೆ ಎದುರಾಗುತ್ತದೆ. 'ಆಲ್ಟರ್ಡ್ ಬೀಸ್ಟ್' ಎಂಬ ತುಣುಕು, ಆಮೇಲೆ 'ಆಲ್ಟರ್ ಮಿ' ಎಂಬ ತುಣುಕು, ಮತ್ತೆ ಮೊದಲಿನದು, ಮತ್ತೆ ಎರಡನೆಯದು. ಮೃಗದ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಸಣ್ಣ ತುಣುಕು) ಒಮ್ಮೆ, ಮನುಷ್ಯನ ಆಸೆ ಒಮ್ಮೆ. ಅದಲುಬದಲಾಗುತ್ತಾ ಹೋಗಿ ಯಾರು ಯಾರನ್ನು ನುಂಗಿದರು ಅನ್ನುವುದೇ ತಿಳಿಯದ ಹಾಗೆ ಆಗುತ್ತದೆ. ನಿರೂಪಕಿಯ ಮಾತು ತೆಗೆದುಹಾಕಿದರೂ ಈ ಕಥೆ ಅರ್ಥವಾಗುತ್ತದೆ. ಕೆಲಸ ಅಂದರೆ ಇದು. ಅದನ್ನು ಕಿವಿಯಿಟ್ಟು ಕೇಳಿ ಬರೆದವರು ಕಡಿಮೆ.

ಕಥೆಯನ್ನು ಎಲ್ಲಿ ಇಡಬೇಕು ಅನ್ನುವ ಪ್ರಶ್ನೆ ಹಳೆಯದು. ಸ್ಮಾಲ್ ಫೇಸಸ್ ಬ್ಯಾಂಡಿನವರು 1968ರಲ್ಲಿ 'ಆಗ್ಡೆನ್ಸ್ ನಟ್ ಗಾನ್ ಫ್ಲೇಕ್' ತಂದಾಗ ರೆಕಾರ್ಡಿನ ಒಂದು ಮಗ್ಗುಲಿಗೆ ಬಿಡಿ ಹಾಡುಗಳನ್ನು ಇಟ್ಟು, ಇನ್ನೊಂದು ಮಗ್ಗುಲಿನ ಕಥೆ ಹೇಳೋಕೆ ಸ್ಟ್ಯಾನ್ಲಿ ಅನ್ವಿನ್ ಎಂಬ ಹಾಸ್ಯಗಾರನನ್ನು ಕರೆತಂದರು. ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಪ್ರಿಟಿ ಥಿಂಗ್ಸ್ ಬ್ಯಾಂಡಿನ 'ಎಸ್. ಎಫ್. ಸಾರೋ'ದ ದಾರಿ ಬೇರೆ. ಸಾರೋ ಎಂಬವನ ಹುಟ್ಟಿನಿಂದ ಮುಪ್ಪಿನವರೆಗಿನ ಕಥೆಯನ್ನು ಕವರಿನ ಮೇಲೆ, ಹಾಡಿನ ಸಾಲುಗಳ ನಡುನಡುವೆ ಅಚ್ಚು ಹಾಕಿದ್ದರು. ಬೇಕಾದವರು ಓದಿಕೊಳ್ಳಿ, ಬೇಡದವರು ಸುಮ್ನೆ ಕೇಳಿ. ನನಗೆ ಈ ದಾರಿಯೇ ಇಷ್ಟ.

ಆದರೆ ಆ ಆಲ್ಬಮ್ಮಿನ ಹಣೆಬರಹ ನೆಟ್ಟಗಿರಲಿಲ್ಲ. ಅಮೆರಿಕದಲ್ಲಿ ಅದು ಬಿಡುಗಡೆಯಾಗುವ ಹೊತ್ತಿಗೆ 1969ರ ಮೇ ತಿಂಗಳಲ್ಲಿ ದ ಹೂ ಬ್ಯಾಂಡಿನ 'ಟಾಮಿ' ಬಂದಾಗಿತ್ತು, ಅದೂ ಕಥೆ ಹೇಳುವ ಆಲ್ಬಮ್ಮೇ. ಮೊದಲು ಮಾಡಿದವರೇ ನಕಲು ಮಾಡಿದವರ ಹಾಗೆ ಕಂಡರು. ರೋಲಿಂಗ್ ಸ್ಟೋನ್‌ನಲ್ಲಿ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ 'ಎಸ್. ಎಫ್. ಸಾರೋ'ವನ್ನು ಚೆನ್ನಾಗಿ ಜಾಡಿಸಿದರು. ಇವತ್ತು ಅದೇ ಆಲ್ಬಮ್ಮನ್ನು ಆ ಕಾಲದ ಒಳ್ಳೆಯ ಕೆಲಸಗಳ ಸಾಲಿನಲ್ಲಿ ಇಡುತ್ತಾರೆ.

ಇನ್ನು ಅಂಕಗಳ ವಿಷಯ. ಮೆಟಾಕ್ರಿಟಿಕ್ ಎಂಬ ವೆಬ್‌ಸೈಟು ಹತ್ತಾರು ವಿಮರ್ಶೆಗಳನ್ನು ನೂರಕ್ಕೆ ಇಳಿಸಿ ಸರಾಸರಿ ಕೊಡುತ್ತದೆ. ವಿಮರ್ಶಕ ಅಂಕ ಕೊಡದಿದ್ದರೆ ಬರಹ ಓದಿ ವೆಬ್‌ಸೈಟಿನವರೇ ಒಂದು ಅಂಕ ಹಾಕುತ್ತಾರೆ, ಎಲ್ಲ ಪತ್ರಿಕೆಗೂ ಒಂದೇ ತೂಕವೂ ಇಲ್ಲ. ಎಲ್ಲರೂ 65 ಕೊಟ್ಟರೂ ಸರಾಸರಿ 65, ಅರ್ಧ ಜನ 90 ಇನ್ನರ್ಧ 40 ಕೊಟ್ಟರೂ 65. ಈ ಬಗೆಯ ಆಲ್ಬಮ್‌ಗಳಿಗೆ ಎರಡನೆಯದೇ ಜಾಸ್ತಿ ಆಗೋದು. ನಾಲ್ಕು ಸಿಡಿಗಳನ್ನು ಒಟ್ಟಿಗೇ ಹಾಕಿ ಕೇಳಬೇಕಾದ ಫ್ಲೇಮಿಂಗ್ ಲಿಪ್ಸ್‌ನ 'ಜೈರೀಕಾ'ಗೆ ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ವೆಬ್‌ಸೈಟು ಹತ್ತಕ್ಕೆ 0.0 ಕೊಟ್ಟಿತ್ತು. ಅದೇ ಆಲ್ಬಮ್ಮನ್ನು ತಲೆ ಮೇಲೆ ಹೊತ್ತುಕೊಂಡು ಮೆರೆದವರೂ ಇದ್ದಾರೆ. ಇವೆರಡರ ಸರಾಸರಿ ತೆಗೆದು ಏನು ಮಾಡೋಣ?

ವಿಮರ್ಶೆ ಓದುವಾಗ ನಾನು ಹುಡುಕುವುದು ಇಷ್ಟೇ: ಬರೆದವನು ಒಂದಾದರೂ ಗಳಿಗೆಯನ್ನು ಹೆಸರಿಟ್ಟು ಹೇಳಿದ್ದಾನಾ? ಇಂಥ ಹಾಡಿನಲ್ಲಿ ಬೇಸ್ ಗಿಟಾರು ಇಲ್ಲಿ ನಿಂತಿತು, ಇಲ್ಲಿಂದ ದನಿಗೆ ಮಂಜು ಕವಿಯಿತು ಅಂತ. ಅದಿದ್ದರೆ ಆತ ಬೈದಿದ್ದರೂ ಆ ಬರಹ ನನಗೆ ಬೇಕು. ನಾನು ಬರೆಯುವಾಗ ಪ್ರೆಸ್ ನೋಟನ್ನು ಪಕ್ಕಕ್ಕಿಟ್ಟು, ಹಾಡಿನ ಸಾಲುಗಳನ್ನೂ ನೋಡದೆ ಮೊದಲು ಕೇಳುತ್ತೇನೆ. ನಡುವಿನ ಟ್ರ್ಯಾಕುಗಳನ್ನು ಒಂದೊಂದಾಗಿ ಬಿಡಿಯಾಗಿ ಹಾಕಿ ನೋಡುತ್ತೇನೆ. ಕಥೆ ಮುಂದೆ ತಳ್ಳುವುದಕ್ಕಷ್ಟೇ ಇರುವ ಹಾಡು ಅಲ್ಲಿ ಸಿಕ್ಕಿಬೀಳುತ್ತದೆ. 'ಮರ್ಡರ್ ಆಫ್ ದ ಯೂನಿವರ್ಸ್'ನಲ್ಲಿ ಹಾಗೆ ಸಿಕ್ಕಿಬಿದ್ದದ್ದು ಎರಡನೇ ಕಥೆ. ಮಿಂಚಿನ ದೊರೆಗೂ ಬೆಂಕಿಯ ರಾಕ್ಷಸನಿಗೂ ನಡೆಯುವ ಆ ಕಾದಾಟವನ್ನು ಈಗಲೂ ದಾಟಿಸಿಕೊಂಡು ನೇರ ಹಾನ್-ಟ್ಯೂಮಿಗೆ ಹೋಗುತ್ತೇನೆ.