ಎಂಟಾಣೆಯ ಜೊತೆಗೇ ಕರಗಿದ ಪಾನ್ ಪಸಂದ್

2024ರ ಫೆಬ್ರುವರಿಯಲ್ಲಿ ರಾವಳಗಾಂವ ಶುಗರ್ ಫಾರ್ಮ್ ಕಂಪನಿ ತನ್ನ ಮಿಠಾಯಿಗಳ ಹೆಸರು, ಪಾಕದ ಗುಟ್ಟು ಮತ್ತಿತರ ಬೌದ್ಧಿಕ ಹಕ್ಕುಗಳನ್ನು ರಿಲಯನ್ಸ್ ಕನ್ಸ್ಯೂಮರ್ ಪ್ರಾಡಕ್ಟ್ಸ್‌ಗೆ 27 ಕೋಟಿ ರೂಪಾಯಿಗೆ ಮಾರಿತು. ಪಾನ್ ಪಸಂದ್, ಮ್ಯಾಂಗೋ ಮೂಡ್, ಕಾಫಿ ಬ್ರೇಕ್ ಎಲ್ಲವೂ ಅದರಲ್ಲಿ ಸೇರಿದ್ದವು. ಸುದ್ದಿ ಓದಿ ಕಲಬುರಗಿಯ ನನ್ನ ಓರಗೆಯವರು ಹಳಹಳಿಸಿದ್ದೇ ಹಳಹಳಿಸಿದ್ದು. ಹಾಗೆ ಹಳಹಳಿಸಿದವರಲ್ಲಿ ಈಚೆಗೆ ಒಂದು ಪಾನ್ ಪಸಂದ್ ಕೊಂಡು ತಿಂದವರು ಮಾತ್ರ ಯಾರೂ ಸಿಗಲಿಲ್ಲ.

ಈ ಮಿಠಾಯಿಯ ಬೇರು ನಮಗೆ ದೂರದ್ದಲ್ಲ. ಕಂಪನಿ ಕಟ್ಟಿದ ವಾಲಚಂದ್ ಹೀರಾಚಂದ್ 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಕಲಬುರಗಿಯಿಂದ ರೈಲು ಹತ್ತಿದರೆ ನೂರು ಚಿಲ್ಲರೆ ಕಿಲೋಮೀಟರ್. ಹಡಗು, ವಿಮಾನ, ಕಾರು ಎಲ್ಲಕ್ಕೂ ಕೈ ಹಾಕಿದ ಮನುಷ್ಯ. 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದವರೂ ಇವರೇ. 1932ರಲ್ಲಿ ಬ್ರಿಟಿಷ್ ಸರ್ಕಾರ ಆಮದು ಸಕ್ಕರೆಗೆ ಸುಂಕದ ತಡೆ ಹಾಕಿ ದೇಶಿ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟಿತು. ಮರುವರ್ಷವೇ ನಾಸಿಕ್ ಜಿಲ್ಲೆಯ ಮಾಲೆಗಾಂವ್ ಬಳಿಯ ರಾವಳಗಾಂವದಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. 1942ರಲ್ಲಿ ಅದಕ್ಕೆ ಮಿಠಾಯಿ ತಯಾರಿಕೆಯೂ ಸೇರಿಕೊಂಡಿತು. ಆಗ ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು, ಕಲಬುರಗಿ ನಿಜಾಮರ ರಾಜ್ಯದಲ್ಲಿ. ಆಡಳಿತ ಬೇರೆಯಾದರೂ ರೈಲು ಹಳಿ ಒಂದೇ.

ನಮ್ಮ ಭಾಗದಲ್ಲಿ ಗಟ್ಟಿ ಪೆಪ್ಪರಮೆಂಟುಗಳೇ ಏಕೆ ಮೆರೆದವು ಎಂಬುದಕ್ಕೆ ಉತ್ತರ ಬಿಸಿಲಿನಲ್ಲಿದೆ. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 42 ದಾಟುವುದು ವಿಶೇಷವೇನಲ್ಲ. ಫ್ರಿಜ್ ಇಲ್ಲದ ತಗಡಿನ ಮಾಡಿನ ಕಿರಾಣಿ ಅಂಗಡಿಯಲ್ಲಿ ಚಾಕೊಲೇಟ್ ಇಟ್ಟರೆ ಸಂಜೆಗೆ ಅದು ಕಾಗದಕ್ಕೆ ಬಳಿದ ಕೆಸರು. ಸಕ್ಕರೆ ಮತ್ತು ಗ್ಲೂಕೋಸ್ ಪಾಕವನ್ನು 150 ಡಿಗ್ರಿಯ ಆಸುಪಾಸಿನವರೆಗೆ ಕುದಿಸಿ, ನೀರಿನಂಶವನ್ನು ಶೇಕಡ 2-3ಕ್ಕೆ ಇಳಿಸಿ ಮಾಡಿದ ಗೋಲಿ ಮಾತ್ರ ಗಾಜಿನಂತೆ ಗಟ್ಟಿ, ಬಿಸಿಲಿಗೆ ಜಗ್ಗುವುದಿಲ್ಲ. ಅದರ ವೈರಿ ತೇವ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಸಾಕು, ಸುತ್ತಿದ ಕಾಗದ ಮೈಗಂಟಿಕೊಳ್ಳುತ್ತಿತ್ತು. ಉಗುರಿನಿಂದ ಕೆರೆದು, ಬಿಡದಿದ್ದರೆ ಕಾಗದದ ಚೂರನ್ನೂ ಸೇರಿಸಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು.

ಪಾನ್ ಪಸಂದ್‌ಗೆ ಇನ್ನೊಂದು ಅನುಕೂಲವಿತ್ತು. ಊಟವಾದ ಮೇಲೆ ಪಾನ್ ಮೆಲ್ಲದ ಹಿರಿಯರು ಕಲಬುರಗಿಯಲ್ಲಿ ಅಪರೂಪ. ಮಕ್ಕಳು ಕೈ ಚಾಚಿದರೆ ಗದರಿಕೆಯೇ ಗತಿ. ಅದೇ ಮೀಠಾ ಪಾನಿನ ಪರಿಮಳ ಬಾಯಿ ಕೆಂಪಾಗಿಸದ ಗೋಲಿಯಲ್ಲಿ ಸಿಕ್ಕಿತು. ಒರಟಾಗಿ ಮಾತಾಡುವ ಹುಡುಗಿ ಗೋಲಿ ಬಾಯಿಗಿಟ್ಟ ಕೂಡಲೇ ಜೇನಿನಂಥ ದನಿಗೆ ತಿರುಗುವ ದೂರದರ್ಶನದ ಜಾಹೀರಾತು ನೋಡಿದ ಮೇಲಂತೂ ಮನೆಯಲ್ಲಿ ಯಾರು ಸಿಡುಕಿದರೂ ‘ಅವರಿಗೊಂದು ಪಾನ್ ಪಸಂದ್ ಕೊಡಿ’ ಎನ್ನುವುದೇ ಚೇಷ್ಟೆಯಾಯಿತು.

ಹಾಗಿದ್ದರೆ ಸೋತದ್ದೆಲ್ಲಿ? 1994ರಲ್ಲಿ ಇಟಲಿಯ ಮಿಠಾಯಿ ಕಂಪನಿ ಪರ್ಫೆಟ್ಟಿ ಭಾರತಕ್ಕೆ ಬಂದಿತು, ಅದರ ಜಾಹೀರಾತುಗಳ ಅಬ್ಬರವೂ ಬಂದಿತು ಎಂದು ಬಹಳ ಜನ ಬೆರಳು ತೋರಿಸುತ್ತಾರೆ. ಅದು ಅರ್ಧ ಉತ್ತರ. ಪಾನಿನ ಅಮಲಿನ ಜಾಗವನ್ನು ಗುಟ್ಕಾ ಚೀಟಿಗಳು ಕಿತ್ತುಕೊಂಡದ್ದೂ ನಿಜ. ನನ್ನ ಮಟ್ಟಿಗೆ ಪಾನ್ ಪಸಂದನ್ನು ಸೋಲಿಸಿದ್ದು ನಾಣ್ಯ. ಕಂಪನಿಯೂ ಮಾರುವಾಗ ಪೈಪೋಟಿಯ ಜೊತೆಗೆ ಇದನ್ನೇ ಹೇಳಿಕೊಂಡಿತು: ಕಚ್ಚಾ ಸಾಮಗ್ರಿ, ಇಂಧನ, ಕೂಲಿ ಎಲ್ಲ ಏರಿದರೂ ಬೆಲೆ ಏರಿಸಲಾಗಲಿಲ್ಲ. ಎಂಟಾಣೆಯ ಗೋಲಿಯನ್ನು ಅರವತ್ತು ಪೈಸೆ ಮಾಡಲು ಬರುವುದಿಲ್ಲ. ಒಂದೋ ರೂಪಾಯಿಗೆ ಜಿಗಿಯಬೇಕು, ಇಲ್ಲವೇ ಗೋಲಿಯನ್ನು ಸಣ್ಣದು ಮಾಡಬೇಕು. 2011ರ ಜೂನ್ 30ಕ್ಕೆ ನಾಲ್ಕಾಣೆ ಕಾನೂನಿನ ಪ್ರಕಾರವೇ ಸತ್ತಿತು. ಎಂಟಾಣೆ ಕಾನೂನಿನಲ್ಲಿ ಬದುಕಿದೆ, ನಮ್ಮ ಅಂಗಡಿಗಳಲ್ಲಿ ಅದನ್ನು ಮೂಸುವವರಿಲ್ಲ. ಅಂಗಡಿಯವರು ಚಿಲ್ಲರೆಯ ಬದಲು ಗೋಲಿ ಕೊಡುವ ರೂಢಿ ಕೆಲಕಾಲ ಈ ವ್ಯಾಪಾರವನ್ನು ಎತ್ತಿ ಹಿಡಿದಿತ್ತು. ಮೊಬೈಲ್‌ನಲ್ಲಿ ಹದಿನೇಳು ರೂಪಾಯಿಗೆ ಸರಿಯಾಗಿ ಹದಿನೇಳನ್ನೇ ಕಳಿಸುವ ಕಾಲ ಬಂದ ಮೇಲೆ ಚಿಲ್ಲರೆಯ ತಗಾದೆಯೂ ಮುಗಿಯಿತು, ಗೋಲಿಯೂ ನಿಂತಿತು.

ಶರಣಬಸವೇಶ್ವರ ಜಾತ್ರೆಯ ಬೆಂಡು ಬತ್ತಾಸು, ಹೋಳಿಯ ಸಕ್ಕರೆ ಸರ ಇವತ್ತಿಗೂ ರಾಶಿ ರಾಶಿಯಾಗಿ ಖರ್ಚಾಗುತ್ತವೆ. ಅವಕ್ಕೆ ಹೆಸರಿಲ್ಲ, ಜಾಹೀರಾತಿಲ್ಲ. ತೂಕಕ್ಕೆ ಮಾರುವ ಮಾಲು. ಸಕ್ಕರೆ ತುಟ್ಟಿಯಾದರೆ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಹೇಳಿದರಾಯಿತು. ಬಿಡಿಬಿಡಿಯಾಗಿ ನಾಣ್ಯಕ್ಕೆ ಮಾರುವ ಗೋಲಿಗೆ ಆ ಸ್ವಾತಂತ್ರ್ಯವೇ ಇರಲಿಲ್ಲ. 2015ರಲ್ಲಿ ಬಂದ ಪಲ್ಸ್ ಮೊದಲ ದಿನದಿಂದಲೇ ಒಂದು ರೂಪಾಯಿಯ ಲೆಕ್ಕ ಹಾಕಿಕೊಂಡು, ಮಾವಿನಕಾಯಿ ರುಚಿಯ ಗೋಲಿಯೊಳಗೆ ಉಪ್ಪು ಮಸಾಲೆ ತುಂಬಿ ಗೆದ್ದಿತು.

27 ಕೋಟಿಗೆ ಕೈಬದಲಾದದ್ದು ಹೆಸರು ಮತ್ತು ಪಾಕ. ಜಮೀನು, ಕಟ್ಟಡ, ಯಂತ್ರಗಳು ಹಳೆಯ ಕಂಪನಿಯಲ್ಲೇ ಉಳಿದವು. ಇದೇ ರಿಲಯನ್ಸ್ 2022ರಲ್ಲಿ ಕ್ಯಾಂಪಾ ಕೋಲಾ ಕೊಂಡು, ಮರುವರ್ಷ ಮಾರುಕಟ್ಟೆಗೆ ತಂದು, ಹತ್ತು ರೂಪಾಯಿಗೆ ಬಾಟಲಿ ಕೊಟ್ಟು ದೊಡ್ಡ ತಂಪು ಪಾನೀಯ ಕಂಪನಿಗಳನ್ನು ಬೆಚ್ಚಿಸಿತು. ಗೋಲಿಯಲ್ಲಿ ಆ ಆಟ ನಡೆಯುವುದು ಕಷ್ಟ. ಒಂದು ರೂಪಾಯಿಯಿಂದ ಕೆಳಗೆ ಇಳಿಯಲು ಅಂಗಡಿಯಲ್ಲಿ ನಡೆಯುವ ನಾಣ್ಯವೇ ಇಲ್ಲ. ಆದ್ದರಿಂದ ಪಾನ್ ಪಸಂದ್ ಮರಳಿದರೂ ಅದರ ಜಾಗ ಓಣಿಯ ಕಿರಾಣಿ ಡಬ್ಬಿಯಲ್ಲ, ದೊಡ್ಡ ಮಳಿಗೆಯ ಕಪಾಟಿನಲ್ಲಿ ಜೋಡಿಸಿಟ್ಟ ಪೊಟ್ಟಣ ಎಂದು ನನ್ನ ಅಂದಾಜು. ಕೊಳ್ಳುವವರು ನಲವತ್ತು ದಾಟಿದವರು.