ಕಸುಬು ಕೇಳಿ ವೋಟು ಎಣಿಸಬೇಡಿ

ಚುನಾವಣೆ ಹತ್ತಿರ ಬಂತೆಂದರೆ ಟಿಕೆಟ್ ಆಕಾಂಕ್ಷಿಗಳ ಕಡೆಯವರು ಒಂದು ಹಾಳೆ ಹಿಡಿದು ನಮ್ಮ ಆಫೀಸಿಗೆ ಬರುತ್ತಾರೆ. ಆಟೋದವರು ನಮ್ಮವರು, ಮೇಷ್ಟ್ರುಗಳು ಅರ್ಧ, ಅಂಗಡಿಯವರು ಆ ಕಡೆ, ಅಂಗನವಾಡಿಯವರದ್ದು ಕೆಂಪು ಬಾವುಟ, ಬಿಟ್ಟುಬಿಡಿ. ಹೀಗೆ ಬರೆದಿರುತ್ತದೆ. "ಸರ್ವೆಯಲ್ಲಿ ಇದನ್ನೊಂದು ಕನ್ಫರ್ಮ್ ಮಾಡಿಕೊಡಿ ಸಾರ್, ಸಾಕು" ಎನ್ನುತ್ತಾರೆ. ಹದಿನೆಂಟು ವರ್ಷದಿಂದ ಮತದಾರರ ಸರ್ವೆ ಮಾಡಿಸುತ್ತಿದ್ದೇನೆ. ಆ ಹಾಳೆ ಕಂಡರೆ ಈಗಲೂ ಸಿಟ್ಟು ಬರುತ್ತದೆ.

ಕಸುಬಿಗೂ ವೋಟಿಗೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಆದರೆ ಆ ಹಾಳೆಯಲ್ಲಿ ಬರೆದ ಹಾಗೆ ಇಲ್ಲ.

ದೊಡ್ಡಬಳ್ಳಾಪುರದಲ್ಲಿ ಒಂದು ಸಲ ಸರ್ವೆ ನಡೆಯುತ್ತಿತ್ತು. ಅಲ್ಲಿನ ಬೀದಿಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ವಿದ್ಯುತ್ ಮಗ್ಗದ ಸದ್ದು. ನಮ್ಮ ತಂಡದ ಹುಡುಗಿ ಮೂರು ಮನೆಯ ಫಾರ್ಮ್ ತುಂಬಿ ತಂದಿದ್ದಳು. ಮೂರರಲ್ಲೂ ಕಸುಬು "ನೇಕಾರ". ಮೂರರಲ್ಲೂ ಬೇರೆ ಬೇರೆ ಪಕ್ಷ. ತಾನೇನೋ ತಪ್ಪು ಬರೆದಿದ್ದೇನೆ ಎಂದು ಪಾಪ ಹೆದರಿಬಿಟ್ಟಿದ್ದಳು. ಇಬ್ಬರೂ ಮತ್ತೆ ಹೋದೆವು. ಮೊದಲ ಮನೆಯವರು ಎಂಟು ಮಗ್ಗದ ಮಾಲೀಕರು. ಅವರ ಚಿಂತೆಯೆಲ್ಲ ನೂಲಿನ ರೇಟು, ಕರೆಂಟ್ ಬಿಲ್ಲು. ಎರಡನೆಯವರು ಅದೇ ಬೀದಿಯಲ್ಲಿ ಕೂಲಿಗೆ ನೇಯುವವರು. ಒಂದು ಸೀರೆಗೆ ಇಷ್ಟು ಎಂದು ಕೈಗೆ ಬರುವ ದುಡ್ಡೇ ಅವರ ಬದುಕು. ಮೂರನೆಯವರೂ ಕೂಲಿ ನೇಯ್ಗೆಯವರೇ. ಆದರೆ ಅವರ ಅಪ್ಪನಿಗೆ ಸೂರು ಇಲ್ಲದ ಕಾಲದಲ್ಲಿ ಒಬ್ಬ ನಾಯಕರು ನಿಂತು ಮನೆ ಮಂಜೂರು ಮಾಡಿಸಿದ್ದರಂತೆ. "ನಾವು ಉಪ್ಪು ತಿಂದ ಮನೆ ಸ್ವಾಮಿ, ನಾನಿರೋವರೆಗೂ ಅವರಿಗೇ" ಎಂದರು. ಆ ನಾಯಕರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ವೋಟು ಹೋಗುತ್ತಿದ್ದದ್ದು ಅವರ ಪಕ್ಷಕ್ಕೆ.

ಮಾಲೀಕರದ್ದು ಲಾಭ ನಷ್ಟದ ಲೆಕ್ಕ, ಎರಡನೆಯವರದ್ದು ಕೂಲಿಯ ಲೆಕ್ಕ, ಮೂರನೆಯವರದ್ದು ಋಣ. ಫಾರ್ಮಿನಲ್ಲಿ ಮಾತ್ರ ಮೂವರೂ ನೇಕಾರರು.

ಇನ್ನೊಂದು ವಿಷಯ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ಎಷ್ಟು ಸಲ ಹೇಳಿದರೂ ಬಂದವರು ತಲೆಯಾಡಿಸಿ ಎದ್ದು ಹೋಗಿ ಮತ್ತೆ ಅದೇ ತಪ್ಪು ಮಾಡುತ್ತಾರೆ. ನಿಮ್ಮ ಊರಿನ ನೂರು ಆಟೋ ಚಾಲಕರಲ್ಲಿ ಅರವತ್ತು ಜನ ಒಂದು ಪಕ್ಷದ ಕಡೆ ಇದ್ದಾರೆ ಎಂದು ಸುಮ್ನೆ ಇಟ್ಟುಕೊಳ್ಳಿ. ನಮ್ಮ ಲೆಕ್ಕದಲ್ಲಿ ಇದು ದೊಡ್ಡ ಒಲವು. ಆದರೂ ಸ್ಟ್ಯಾಂಡಿನಲ್ಲಿ ಮೊದಲು ಸಿಕ್ಕ ಚಾಲಕರನ್ನು "ಇವರು ನಮ್ಮವರು" ಎಂದು ತಬ್ಬಿಕೊಂಡರೆ ಹತ್ತರಲ್ಲಿ ನಾಲ್ಕು ಸಲ ನಿಮ್ಮ ಊಹೆ ತಪ್ಪು. "ಆಟೋದವರು ನಮ್ಮವರು" ಎಂದು ಹಾಳೆಯಲ್ಲಿ ಬರೆದ ಕೂಡಲೇ ಆ ನಲವತ್ತು ಜನ ಮಾಯವಾಗುತ್ತಾರೆ. ಅವರ ಮನೆಗೆ ಯಾರೂ ಹೋಗುವುದಿಲ್ಲ, ಅವರ ಮಾತು ಯಾರೂ ಕೇಳುವುದಿಲ್ಲ. ಆ ಅರವತ್ತು ಜನರೂ ಆಟೋ ಓಡಿಸುವುದರಿಂದಲೇ ಆ ಕಡೆ ಹೋದರು ಎನ್ನುವುದಕ್ಕೂ ಆಧಾರ ಇಲ್ಲ. ಹೆಚ್ಚಿನವರು ಒಂದೇ ಬಡಾವಣೆಯವರಿರಬಹುದು, ಒಂದೇ ಜಾತಿಯವರಿರಬಹುದು, ಒಂದೇ ಫೈನಾನ್ಸಿನಲ್ಲಿ ಸಾಲ ತೆಗೆದವರಿರಬಹುದು. ಯಾವುದು ಕಾರಣ ಎಂದು ಬಿಡಿಸಿ ನೋಡದೆ ಕಸುಬಿನ ತಲೆಗೆ ಕಟ್ಟಬಾರದು. ಬಿಡಿಸಿ ನೋಡಲು ಸಮಯ ಬೇಕು, ದೊಡ್ಡ ಸ್ಯಾಂಪಲ್ ಬೇಕು. ಅದಕ್ಕೆ ದುಡ್ಡು ಕೊಡಲು ಮಾತ್ರ ಯಾರಿಗೂ ಮನಸ್ಸಿಲ್ಲ.

ಆಟೋದವರ ಮಾತು ಬಂತಲ್ವಾ, ಅದನ್ನೇ ನೋಡಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ಆಟೋ ಸಂಘಗಳು ದುಡಿಮೆ ಬಿತ್ತು ಎಂದವು. ಸರಿಯಾಗಿ ಮೂರು ತಿಂಗಳಿಗೆ, ಸೆಪ್ಟೆಂಬರ್ 11ಕ್ಕೆ, ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರ ಬಂದ್ ಕೂಡ ನಡೆಯಿತು. ನಮ್ಮ ಪರಿಚಯದ ಚಾಲಕರೊಬ್ಬರು ಆ ದಿನ ಗಾಡಿ ತೆಗೆಯಲಿಲ್ಲ. ಅವರ ಹೆಂಡತಿ ಗಾರ್ಮೆಂಟ್ಸಿಗೆ ಹೋಗುವವರು. ಅದೇ ಫ್ರೀ ಬಸ್ಸಿನಲ್ಲಿ ತಿಂಗಳಿಗೆ ಉಳಿದ ದುಡ್ಡನ್ನು ಮಗಳ ಟ್ಯೂಷನ್ನಿಗೆ ಕಟ್ಟುತ್ತಿದ್ದರು. ಈ ಮನೆಯ ಮುಂದೆ ಆಟೋ ನಿಂತಿದೆ ಎಂದು ನೋಡಿ ಯಾರ ವೋಟು ಎಂದು ಬರೆದುಕೊಳ್ಳುತ್ತೀರಿ?

ಸರ್ಕಾರಿ ನೌಕರರದ್ದೂ ಇದೇ ಕಥೆ. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರಿಗೆ ಹಳೇ ಪಿಂಚಣಿ, ಆಮೇಲೆ ಸೇರಿದವರಲ್ಲಿ ಹೆಚ್ಚಿನವರು ಎನ್‌ಪಿಎಸ್, ಅಂದರೆ ಸಂಬಳದಲ್ಲಿ ಹಿಡಿದ ದುಡ್ಡು ಮಾರುಕಟ್ಟೆಯಲ್ಲಿ ಎಷ್ಟು ಬೆಳೆಯಿತೋ ಅದರ ಮೇಲೆ ನಿಂತ ಹೊಸ ಪಿಂಚಣಿ. ಒಂದೇ ಆಫೀಸು, ಪಕ್ಕ ಪಕ್ಕದ ಟೇಬಲ್ಲು. ಒಬ್ಬರಿಗೆ ನಿವೃತ್ತಿ ಎಂದರೆ ನೆಮ್ಮದಿ, ಇನ್ನೊಬ್ಬರಿಗೆ ಆತಂಕ. ಪಿಂಚಣಿ ಬಗ್ಗೆ ಯಾವ ಪಕ್ಷ ಏನು ಹೇಳಿತು ಎಂದು ಇಬ್ಬರೂ ಒಂದೇ ಕಿವಿಯಲ್ಲಿ ಕೇಳುವುದಿಲ್ಲ.

ಮೇಷ್ಟ್ರುಗಳ ವಿಷಯಕ್ಕೆ ಬಂದರೆ, ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರಗಳು. ಅಲ್ಲಿ ವೋಟು ಹಾಕುವವರೆಲ್ಲ ಒಂದೇ ಕಸುಬಿನವರು. ಕಸುಬು ಪಕ್ಷವನ್ನು ತೋರಿಸುವುದಾದರೆ ಇಲ್ಲಿ ತೋರಿಸಬೇಕಿತ್ತು. ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಬಸವರಾಜ ಹೊರಟ್ಟಿಯವರು 1980ರಿಂದ ಗೆಲ್ಲುತ್ತಾ ಬಂದವರು. ಬಹುಕಾಲ ಜನತಾ ಪರಿವಾರದಲ್ಲಿದ್ದರು. 2022ರಲ್ಲಿ ಬಿಜೆಪಿಯಿಂದ ನಿಂತರು, ಎಂಟನೇ ಸಲ ಗೆದ್ದರು. ಶಿಕ್ಷಕರು ತಮ್ಮ ಕೆಲಸಕ್ಕೆ ಓಡಾಡುವ ಮನುಷ್ಯನನ್ನು ನೋಡಿದರು ಎಂದು ನಾನು ಓದಿಕೊಳ್ಳುತ್ತೇನೆ. ಬೇರೆಯವರು ಬೇರೆ ಥರ ಓದಬಹುದು.

ಕಸುಬೇ ವೋಟಾದ ಜಾಗವೂ ಇದೆ. ರೈತ ಸಂಘ ಶುರುವಾಗಿದ್ದು 1980ರಲ್ಲಿ. ಅದರ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. 2023ರಲ್ಲಿ ಅಲ್ಲಿ ಅವರ ಮಗ ಗೆದ್ದರು. ಒಂದೇ ಕಾಲುವೆ, ಒಂದೇ ಬೆಳೆ, ವರ್ಷಗಟ್ಟಲೆ ಒಟ್ಟಿಗೆ ಬೀದಿಯಲ್ಲಿ ಕೂತ ನೆನಪು, ಜೊತೆಗೆ ನಂಬಿಕೆಯ ನಾಯಕ, ಇಷ್ಟು ಸೇರಿದಾಗ "ರೈತ" ಎನ್ನುವ ಮಾತಿಗೆ ವೋಟಿನ ತೂಕ ಬಂತು. ಅದೇ ಮಂಡ್ಯ ಜಿಲ್ಲೆಯ ಪಕ್ಕದ ಕ್ಷೇತ್ರಗಳಲ್ಲೂ ಕಬ್ಬು ಬೆಳೆಯುತ್ತಾರೆ. ಅಲ್ಲಿ ಗೆದ್ದವರು ಬೇರೆ ಪಕ್ಷದವರು.

ಇಷ್ಟೆಲ್ಲ ಹೇಳಿದರೂ ಒಪ್ಪದವರ ಮುಂದೆ ಒಂದೇ ಲೆಕ್ಕ ಇಡುತ್ತೇನೆ. 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಸುಮಾರು 36 ಶೇಕಡಾ ಮತ ಬಂತು. ಒಂದು ವರ್ಷವೂ ತುಂಬುವ ಮೊದಲು, 2019ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 51. ಮೈತ್ರಿ ಬದಲಾಗಿತ್ತು, ಮುಂದಿದ್ದ ಪ್ರಶ್ನೆ ಬದಲಾಗಿತ್ತು, ಕಾರಣಗಳು ಹಲವು. ಆದರೆ ದರ್ಜಿ ದರ್ಜಿಯಾಗೇ ಇದ್ದ, ಲಾಯರ್ ಲಾಯರಾಗೇ ಇದ್ದ. ರಾಜ್ಯದಲ್ಲಿ ಯಾರು ನಮ್ಮ ಕಷ್ಟಕ್ಕೆ ಆಗುತ್ತಾರೆ ಎಂದು ಕೇಳಿಕೊಂಡ ಮನುಷ್ಯನೇ ಮುಂದಿನ ಬೇಸಿಗೆಯಲ್ಲಿ ದೇಶ ಯಾರ ಕೈಯಲ್ಲಿರಬೇಕು ಎಂದು ಕೇಳಿಕೊಂಡ.

ಹಾಗಾಗಿ ಅಂಗನವಾಡಿ ಟೀಚರಮ್ಮ ಫ್ರೀಡಂ ಪಾರ್ಕಿನಲ್ಲಿ ಕೆಂಪು ಬಾವುಟ ಹಿಡಿದಿದ್ದನ್ನು ನೋಡಿ ಅವರನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಗೌರವಧನಕ್ಕೆ ಸಂಘ, ವೋಟಿಗೆ ಬೇರೆ ಪಕ್ಷ ಎನ್ನುವ ಎಷ್ಟೋ ಜನರನ್ನು ನಾನು ನೋಡಿದ್ದೇನೆ. ಅವರಿಗೆ ಅದರಲ್ಲಿ ಯಾವ ಗೊಂದಲವೂ ಇಲ್ಲ.

ನಮ್ಮ ಫಾರ್ಮಿನಲ್ಲಿ ಕಸುಬಿನ ಕಾಲಂ ಈಗಲೂ ಇದೆ. ಅದರ ಪಕ್ಕ ಎರಡು ಪ್ರಶ್ನೆ ಸೇರಿಸಿದ್ದೇವೆ. ಹೋದ ವರ್ಷ ಯಾವುದಕ್ಕೆ ಸಾಲ ಮಾಡಿದಿರಿ? ಆಸ್ಪತ್ರೆಯೋ ಪೊಲೀಸ್ ಸ್ಟೇಷನ್ನೋ ಎಂದಾಗ ಮೊದಲು ಯಾರಿಗೆ ಫೋನ್ ಮಾಡುತ್ತೀರಿ? ಇದರಿಂದಲೂ ಎಲ್ಲ ತಿಳಿಯುತ್ತದೆ ಎಂದು ಭರವಸೆ ಕೊಡಲಾರೆ. ಮತ ಗುಟ್ಟಿನದ್ದು, ಪಕ್ಕದ ಮನೆಯವರು ಜಗಲಿಯಲ್ಲಿ ಕೂತಿದ್ದರೆ ಉತ್ತರವೇ ಬೇರೆ ಬರುತ್ತದೆ. ಆದರೂ ಈ ಎರಡು ಪ್ರಶ್ನೆಗೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ನಮ್ಮ ಆಫೀಸಿಗೆ ಬರುವವರು ತಮ್ಮ ವಾರ್ಡಿನ ಹತ್ತು ಮನೆಗೆ ತಾವೇ ಹೋಗಿ ಇವನ್ನು ಕೇಳಿಕೊಂಡು ಬನ್ನಿ. ಆಮೇಲೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡೋಣ.